ಫೋನಿನಲ್ಲಿ ದರ ಬದಲಾಗುತ್ತಿಲ್ಲವೇ? ಸರ್ಟಿಫಿಕೇಟ್ ನೋಡಿ

‘ಲ್ಯಾಪ್‌ಟಾಪ್‌ನ್ಯಾಗ ದರ ಬದಲಾಗ್ತಾವ, ಮಾಲಕರ ಫೋನಿನ್ಯಾಗ ನಿಂತಬಿಡ್ತಾವ್ರೀ’. ಬೆಳಗಾವಿ ರವಿವಾರ ಪೇಟೆಯ ಸಗಟು ಅಂಗಡಿಗಳಿಗೆ ಬೇಳೆ, ಬೆಲ್ಲದ ದರ ತೋರಿಸುವ ಪುಟ ಮಾಡಿಕೊಡುವ ಹುಡುಗರ ದೂರು ಸಾಮಾನ್ಯವಾಗಿ ಇದೇ. ಕೂಡಲೇ ಕೋಡ್ ತಿದ್ದಲು ಕೂರುತ್ತಾರೆ. ಕೋಡ್ ಮುಟ್ಟಬೇಡಿ.

ಹಿನ್ನೆಲೆ ಇಷ್ಟೇ: ವೆಬ್‌ಸಾಕೆಟ್ (2011ರ ಆರ್‌ಎಫ್‌ಸಿ 6455) ಸಾಮಾನ್ಯ ಎಚ್‌ಟಿಟಿಪಿ ವಿನಂತಿಯಾಗಿ ಹೊರಡುತ್ತದೆ, ಸರ್ವರ್ 101 ಎಂದು ಉತ್ತರಿಸಿದರೆ ಸಂಪರ್ಕ ತೆರೆದೇ ಉಳಿಯುತ್ತದೆ. ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದರೆ ಸಾಕೆಟ್ ವಿಳಾಸ ಡಬ್ಲ್ಯೂಎಸ್‌ಎಸ್ ಆಗಿರಲೇಬೇಕು. ಲೋಕಲ್‌ಹೋಸ್ಟ್‌ಗೆ ಮಾತ್ರ ಬ್ರೌಸರ್‌ಗಳು ವಿನಾಯಿತಿ ಕೊಡುವುದುಂಟು. ನಿಮ್ಮ ಲ್ಯಾಪ್‌ಟಾಪ್ ನಿಮಗೆ ಸುಳ್ಳು ಧೈರ್ಯ ಕೊಡುವುದು ಅದಕ್ಕೇ.

ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಡಬ್ಲ್ಯೂಎಸ್ ಫಿಲ್ಟರ್ ಒತ್ತಿ, ಪುಟ ರಿಫ್ರೆಶ್ ಮಾಡಿ. ಆಂಡ್ರಾಯ್ಡ್ ಫೋನಾದರೆ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಹಾಕಿ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲೇ ಇದನ್ನು ನೋಡಬಹುದು. 101 ಬಂದಿದ್ದರೆ ಹ್ಯಾಂಡ್‌ಶೇಕ್ ಮುಗಿದಿದೆ. 400, 404 ಬಂದರೆ ವಿಳಾಸ ಅಥವಾ ಪ್ರಾಕ್ಸಿ ನೋಡಿ. ಯಾವ ಉತ್ತರವೂ ಇಲ್ಲದೆ 1006 ಎಂದು ಮುಚ್ಚಿಕೊಂಡರೆ ಆ ಸಂಖ್ಯೆಯ ಅರ್ಥ ಹುಡುಕುತ್ತಾ ಕೂರಬೇಡಿ. ಭದ್ರತೆಗಾಗಿ ಬ್ರೌಸರ್ ನಿಮ್ಮ ಕೋಡ್‌ಗೆ ಕಾರಣ ಹೇಳುವುದೇ ಇಲ್ಲ. ಮೊದಲ ಅನುಮಾನ ಸರ್ಟಿಫಿಕೇಟ್ ಮೇಲಿರಲಿ.

ಹೆಚ್ಚಿನವರು ಎಡವುವುದು ಇಲ್ಲೇ. ನೀವೇ ಮಾಡಿಕೊಂಡ ಸರ್ಟಿಫಿಕೇಟ್ ಇದ್ದಾಗ ಪುಟ ತೆರೆದರೆ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ, ನೀವು ‘ಮುಂದುವರಿ’ ಒತ್ತುತ್ತೀರಿ. ಸಾಕೆಟ್‌ಗೆ ಅಂಥ ಎಚ್ಚರಿಕೆಯ ಪರದೆ ಬರುವುದಿಲ್ಲ, ಸದ್ದಿಲ್ಲದೆ ಸೋಲುತ್ತದೆ. ಫೈರ್‌ಫಾಕ್ಸ್ ಒಪ್ಪಿಗೆಯನ್ನು ಪೋರ್ಟ್ ಸಮೇತ ನೆನಪಿಡುತ್ತದೆ: ಪುಟ 5173ರಲ್ಲಿ, ಸಾಕೆಟ್ 3001ರಲ್ಲಿ ಇದ್ದರೆ ಮೊದಲನೆಯದಕ್ಕೆ ಕೊಟ್ಟ ಒಪ್ಪಿಗೆ ಎರಡನೆಯದಕ್ಕೆ ನಡೆಯದು. ಪರೀಕ್ಷೆಗೆ, ಸಾಕೆಟ್ ವಿಳಾಸದ ಡಬ್ಲ್ಯೂಎಸ್‌ಎಸ್ ಜಾಗದಲ್ಲಿ ಎಚ್‌ಟಿಟಿಪಿಎಸ್ ಹಾಕಿ ಹೊಸ ಟ್ಯಾಬಿನಲ್ಲಿ ತೆರೆಯಿರಿ. ಎಚ್ಚರಿಕೆ ಬಂತೇ? ಕಳ್ಳ ಸಿಕ್ಕ.

ಶಾಶ್ವತ ದಾರಿ ಎಂಕೆಸರ್ಟ್ ಎಂಬ ಉಪಕರಣ. ಅದನ್ನು ಇನ್‌ಸ್ಟಾಲ್ ಮಾಡಿ, ಅಂಗಡಿಯ ವೈಫೈನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕ ಐಪಿ ವಿಳಾಸವನ್ನೂ ಸೇರಿಸಿ ಸರ್ಟಿಫಿಕೇಟ್ ಮಾಡಿ. ಬರೀ ಲೋಕಲ್‌ಹೋಸ್ಟ್ ಹೆಸರಿನದರಿಂದ ಫೋನಿಗೆ ಪ್ರಯೋಜನವಿಲ್ಲ. ಬಳಿಕ ಎಂಕೆಸರ್ಟ್ ಮಾಡಿಟ್ಟ ರೂಟ್ ಸರ್ಟಿಫಿಕೇಟ್, ಅಂದರೆ ‘ರೂಟ್‌ಸಿಎ.ಪೆಮ್’ ಫೈಲನ್ನು ಫೋನಿಗೆ ಹಾಕಿ. ಐಫೋನಿನಲ್ಲಿ ಪ್ರೊಫೈಲ್ ಹಾಕಿದರೆ ಮುಗಿಯಲಿಲ್ಲ, ಸೆಟ್ಟಿಂಗ್ಸ್–ಜನರಲ್–ಅಬೌಟ್‌ನ ಕೊನೆಯಲ್ಲಿ ಅದಕ್ಕೆ ಪೂರ್ಣ ನಂಬಿಕೆಯ ಗುಂಡಿ ಒತ್ತಬೇಕು. ಪಕ್ಕದಲ್ಲೇ ಇರುವ ‘ರೂಟ್‌ಸಿಎ-ಕೀ.ಪೆಮ್’ ಫೈಲನ್ನು ಮಾತ್ರ ಯಾರಿಗೂ ವಾಟ್ಸ್‌ಆ್ಯಪ್ ಮಾಡಬೇಡಿ. ಅದು ಸಿಕ್ಕವರು ಆ ಫೋನು ನಂಬುವಂಥ ನಕಲಿ ಬ್ಯಾಂಕ್ ಸೈಟನ್ನೇ ನಿಲ್ಲಿಸಬಹುದು. ಮಾಲಕರ ಫೋನಿನಲ್ಲಿ ಪರೀಕ್ಷೆ ಮುಗಿದ ಮೇಲೆ ರೂಟ್ ಸರ್ಟಿಫಿಕೇಟನ್ನೂ ತೆಗೆದುಬಿಡಿ.

ನೋಡ್‌ನಲ್ಲಿ ಸರ್ಟಿಫಿಕೇಟ್ ತಪಾಸಣೆಯನ್ನೇ ಬಂದ್ ಮಾಡುವ ಸಲಹೆಯೂ ಓಡಾಡುತ್ತದೆ. ಬ್ರೌಸರ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಮರೆತು ಅಸಲಿ ಸರ್ವರಿನಲ್ಲೂ ಉಳಿದರೆ ನಷ್ಟ ನಿಮ್ಮದೇ.

ಇನ್ನುಳಿದದ್ದು ಚುಟುಕಾಗಿ: ಎಂಜಿನ್‌ಎಕ್ಸ್ ಹಿಂದೆ ಸರ್ವರ್ ಇದ್ದರೆ ಎಚ್‌ಟಿಟಿಪಿ 1.1 ನಮೂದಿಸಿ, ‘ಅಪ್‌ಗ್ರೇಡ್’ ಮತ್ತು ‘ಕನೆಕ್ಷನ್’ ಹೆಡರ್‌ಗಳನ್ನು ಮುಂದಕ್ಕೆ ಕಳಿಸಿ. ಒಂದು ನಿಮಿಷಕ್ಕೆ ಸರಿಯಾಗಿ ಕಡಿದುಹೋಗುತ್ತಿದ್ದರೆ ಅದರ 60 ಸೆಕೆಂಡಿನ ರೀಡ್ ಟೈಮ್‌ಔಟ್ ಕಾರಣ; ಸರ್ವರಿನಿಂದ 30 ಸೆಕೆಂಡಿಗೊಂದು ಪಿಂಗ್ ಹೋಗಲಿ. ವೀಟ್ (Vite) ಬಳಸುವವರು ಎಚ್‌ಎಂಆರ್‌ನ ಕ್ಲೈಂಟ್ ಪೋರ್ಟ್ 443 ಮಾಡಿಕೊಳ್ಳಿ, ಪ್ರಾಕ್ಸಿ ಇದ್ದರೆ ಮಾತ್ರ. ಖಾನಾಪುರದ ಕಾಡಿನ ಕಡೆ ಸಿಗ್ನಲ್ ಹೋಗಿ ಬರುತ್ತದೆ, ಮರುಸಂಪರ್ಕದ ಕೋಡ್ ಇರಲೇಬೇಕು: 1, 2, 4 ಸೆಕೆಂಡ್ ಹೀಗೆ ಅಂತರ ಹೆಚ್ಚಿಸುತ್ತಾ ಪ್ರಯತ್ನಿಸಲಿ, ಸಂಪರ್ಕ ಸಿಕ್ಕೊಡನೆ ಪೂರ್ತಿ ದರಪಟ್ಟಿಯನ್ನು ಮತ್ತೆ ತರಿಸಿಕೊಳ್ಳಲಿ.