ನಿಮ್ಮ ಕೂದಲು, ನಿಮ್ಮ ತೀರ್ಮಾನ: ಗುಂಗುರಿಗೂ ಜಟೆಗೂ ಒಂಬತ್ತು ಸೂತ್ರಗಳು

ಗಂಗಾವತಿ ಕಡೆಯ ಆನೆಗೊಂದಿ, ಸಣಾಪುರದಲ್ಲಿ ಓಡಾಡುವ ವಿದೇಶಿ ಪ್ರವಾಸಿಗರ ತಲೆಯಲ್ಲಿ ಡ್ರೆಡ್‌ಲಾಕ್ಸ್ ಕಂಡರೆ ನಮ್ಮವರು ಸೆಲ್ಫಿ ಕೇಳುತ್ತಾರೆ. ಅದೇ ಗಂಟು ಕುಷ್ಟಗಿಯ ಬಡವರ ಮನೆಯ ಹುಡುಗಿಯ ತಲೆಯಲ್ಲಿ ಕಂಡರೆ ಕೈ ಮುಗಿಯುತ್ತಾರೆ, ಇಲ್ಲವೇ ಹೆದರುತ್ತಾರೆ. ಇನ್ನು ಗುಂಗುರು ಕೂದಲಿನವರಿಗೆ ಮನೆಯಲ್ಲೇ ಅಡ್ಡಹೆಸರು. ಈ ಮೂವರಿಗೂ ಬೇಕಾದದ್ದು ಒಂದೇ: ಕೂದಲಿನ ಬಗ್ಗೆ ಸರಿಯಾದ ತಿಳಿವಳಿಕೆ.

1. ಮೊದಲು ನಿಮ್ಮ ಕೂದಲಿನ ಸ್ವಭಾವ ನೋಡಿ.
ತಲೆ ತೊಳೆದು, ಎಣ್ಣೆ ಹಚ್ಚದೆ, ಬಾಚದೆ ಹಾಗೇ ಒಣಗಲು ಬಿಡಿ. ಆಗ ಕಾಣುವುದೇ ನಿಮ್ಮ ಅಸಲಿ ಕೂದಲು. ಚರ್ಮದೊಳಗೆ ಕೂದಲಿನ ಬುಡ ಬಾಗಿದ್ದರೆ ಕೂದಲೂ ಸುರುಳಿಯಾಗಿ ಹೊರಬರುತ್ತದೆ. ನೆತ್ತಿಯ ಜಿಡ್ಡು ಆ ಸುರುಳಿಗಳನ್ನು ದಾಟಿ ತುದಿ ಮುಟ್ಟುವುದು ಕಷ್ಟ, ಅದಕ್ಕೇ ಗುಂಗುರು ಕೂದಲು ಬೇಗ ಒರಟಾಗುತ್ತದೆ. ಇದು ರೋಗವೂ ಅಲ್ಲ, ಹೊಲಸೂ ಅಲ್ಲ.

2. ಒಣಗಿದ ಗುಂಗುರಿಗೆ ಹಣಿಗೆ ಹಾಕಬೇಡಿ.
ಒದ್ದೆ ಇರುವಾಗಲೇ, ಕಂಡಿಷನರ್ ಅಥವಾ ಸ್ವಲ್ಪ ಎಣ್ಣೆ ಸವರಿ, ಅಗಲ ಹಲ್ಲಿನ ಹಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ. ನಂತರ ಮೇಲಕ್ಕೆ ಬನ್ನಿ. ನೆತ್ತಿಯಿಂದ ಜಗ್ಗಿದರೆ ಸಿಕ್ಕು ಬಿಗಿಯುತ್ತದೆ, ಕೂದಲು ಕಿತ್ತು ಬರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಕೂದಲು ಬಿರುಸಾಗುತ್ತದೆ. ಕೊನೆಯ ಒಂದೆರಡು ಚೊಂಬು ಮಳೆನೀರೋ ಶುದ್ಧೀಕರಿಸಿದ ನೀರೋ ಆದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

3. ಸ್ಟ್ರೇಟನಿಂಗ್‌ಗೆ ಮುಂಚೆ ಲೆಕ್ಕ ಹಾಕಿ.
ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಆರು ತಿಂಗಳಿಗೆ ಬುಡದಲ್ಲಿ ಆರು ಸೆಂಟಿಮೀಟರ್ ಗುಂಗುರು ಮತ್ತೆ ಹಾಜರ್. ಅಂದರೆ ಖರ್ಚು ಒಮ್ಮೆಗೆ ಮುಗಿಯುವುದಿಲ್ಲ. ಕೆಲವು ಸ್ಮೂತನಿಂಗ್ ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಕಣ್ಣು ಉರಿದರೆ, ಗಂಟಲು ಕೆರೆದರೆ ಕುರ್ಚಿಯಿಂದ ಎದ್ದುಬಿಡಿ.

4. ಕೂದಲಿನ ಬೆಲೆ ತಿಳಿಯಬೇಕೆಂದರೆ ಭಾಗ್ಯನಗರ ನೋಡಿ.
ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಕೂದಲು ಉದ್ಯಮಕ್ಕೆ ಹೆಸರಾದ ಊರು. ಬಾಚುವಾಗ ಉದುರಿ, ಉಂಡೆ ಕಟ್ಟಿ ಗೋಡೆಯ ಸಂದಿಗೆ ತುರುಕಿದ ಕೂದಲನ್ನು ಓಣಿ ಓಣಿ ತಿರುಗುವವರು ಕೊಳ್ಳುತ್ತಾರೆ. ಇಲ್ಲಿ ಹೆಣ್ಣುಮಕ್ಕಳು ಆ ಉಂಡೆಯ ಸಿಕ್ಕನ್ನು ಎಳೆಎಳೆಯಾಗಿ ಬಿಡಿಸುತ್ತಾರೆ, ತೊಳೆಯುತ್ತಾರೆ, ಉದ್ದ ನೋಡಿ ಕಟ್ಟು ಕಟ್ಟುತ್ತಾರೆ. ಅದು ವಿಗ್ ಆಗಲು ಹೊರದೇಶಕ್ಕೂ ಹೋಗುತ್ತದೆ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತೆಂದರೆ ಈ ಸರಕಿನ ತೂಕ ಊಹಿಸಿ. ಉದುರಿದ ಕೂದಲಿಗೇ ಇಷ್ಟು ಗಿರಾಕಿ ಇರುವಾಗ, ತಲೆಯ ಮೇಲಿರುವುದನ್ನು ನಾಚಿಕೆಯಿಂದ ಮುಚ್ಚಿಡುವುದೇಕೆ?

5. ತಾನಾಗಿ ಬಂದ ಜಟೆಗೆ ಹೆದರಬೇಡಿ.
ಈ ಸೂತ್ರವನ್ನು ಎರಡು ಸಲ ಓದಿ. ಜ್ವರ, ಬಾಣಂತನ, ದುಃಖ, ಕೆಲಸದ ಒತ್ತಡ, ಕಾರಣ ಯಾವುದೇ ಇರಲಿ, ವಾರಗಟ್ಟಲೆ ಬಾಚದೆ ಬಿಟ್ಟರೆ ಉದುರಿದ ಕೂದಲು ಒಳಗೇ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಎಣ್ಣೆ, ಧೂಳು, ಭಂಡಾರ ಕೂತರೆ ಗಂಟು ಗಟ್ಟಿ. ಇಷ್ಟೇ ಜಟೆಯ ಮರ್ಮ. ಆದರೆ ಎಲ್ಲಮ್ಮ, ಹುಲಿಗೆಮ್ಮನ ಹೆಸರಲ್ಲಿ ‘ತಾಯಿ ಕರದಾಳ’ ಎಂದು ಹೇಳಿ ಎಷ್ಟೋ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದು ಇದೇ ಗಂಟನ್ನು ತೋರಿಸಿ. ಕತ್ತರಿಸಿದರೆ ರಕ್ತ ಬರುತ್ತದೆ, ಮನೆಗೆ ಕೇಡು ಎಂಬುದು ಹೆದರಿಕೆಯ ಮಾತು. ಕೂದಲಿಗೆ ನರವೂ ಇಲ್ಲ, ರಕ್ತವೂ ಇಲ್ಲ. ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಮನೆಯವರನ್ನು ಒಪ್ಪಿಸಿ, ಹಲವು ಹೆಂಗಸರ ಜಟೆ ಕತ್ತರಿಸಿ ಕುತ್ತಿಗೆಯ ಭಾರ ಇಳಿಸಿದ್ದಾರೆ. ದೇವದಾಸಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ಅಪರಾಧ ಎಂದಿದೆ. ಭಕ್ತಿ ಇದ್ದರೆ ಇರಲಿ, ಹುಲಿಗಿಯ ಗುಡಿಗೆ ಹೋಗಿ ಕಾಯಿ ಒಡೆಸಿ; ಮಗಳ ಬದುಕನ್ನು ಹರಕೆಗೆ ಇಡಬೇಡಿ.

6. ಇಷ್ಟಪಟ್ಟು ಡ್ರೆಡ್‌ಲಾಕ್ಸ್ ಬೇಕೇ? ತಿಳಿದವರ ಕೈಯಲ್ಲಿ ಮಾಡಿಸಿ.
ಕೂದಲು ಕನಿಷ್ಠ ಐದಾರು ಇಂಚು ಇರಲಿ. ನೆತ್ತಿಯನ್ನು ಚೌಕ ಚೌಕವಾಗಿ ಭಾಗ ಮಾಡಿ, ಒಂದೊಂದು ಹಿಡಿಯನ್ನು ಬುಡದ ಕಡೆಗೆ ಹಿಮ್ಮುಖ ಬಾಚಿ, ಸಣ್ಣ ಕ್ರೋಶಾ ಸೂಜಿಯಿಂದ ಹೊರಗೆ ಚಾಚಿದ ಎಳೆಗಳನ್ನು ಒಳಗೆ ಎಳೆಯುತ್ತಾರೆ. ಇಡೀ ದಿನದ ಕೆಲಸ ಇದು. ಗುಂಗುರು ಕೂದಲು ಬೇಗ ಕೂಡುತ್ತದೆ, ನೇರ ಕೂದಲು ತಿಂಗಳುಗಟ್ಟಲೆ ಸತಾಯಿಸುತ್ತದೆ. ಮೇಣ ಹಚ್ಚುತ್ತೇನೆ ಎಂದವರಿಗೆ ಬೇಡ ಎನ್ನಿ. ಒಳಗೆ ಸೇರಿದ ಮೇಣ ಹೊರಬರುವುದಿಲ್ಲ, ಧೂಳು ಹಿಡಿಯುತ್ತದೆ.

7. ತೊಳೆಯುವುದು ತಪ್ಪಬಾರದು.
ಜಟೆ ಬಿಟ್ಟವರು ತಲೆ ತೊಳೆಯಬಾರದು ಎಂಬುದು ಸುಳ್ಳು. ವಾರಕ್ಕೊಮ್ಮೆಯಾದರೂ ನೆತ್ತಿಗೆ ಶಾಂಪೂ ಮುಟ್ಟಲಿ. ಸೀಗೆಪುಡಿ, ಕಡಲೆಹಿಟ್ಟು ಬೇಡ, ಜಟೆಯೊಳಗೆ ಕೂತು ಕೊಳೆಯುತ್ತವೆ. ಅಂಟುವಾಳದ ನೀರಾದರೆ ಬಟ್ಟೆಯಲ್ಲಿ ಸೋಸಿ ಬಳಸಿ. ಮುಂಜಾನೆ ತೊಳೆದು ಹಿಂಡಿ, ಬಿಸಿಲಿಗೆ ನಿಲ್ಲಿ. ಕೊಪ್ಪಳದ ಬಿಸಿಲು ಪುಕ್ಕಟೆ ಡ್ರೈಯರ್. ಒದ್ದೆ ಜಟೆ ಕಟ್ಟಿಕೊಂಡು ಮಲಗಿದರೆ ಬೂಷ್ಟು ಹಿಡಿದು ವಾಸನೆ ಬರುವುದು ಖಂಡಿತ.

8. ಬುಡಕ್ಕೆ ಎಳೆತ ಬೇಡ.
ಬಿಗಿಯಾಗಿ ಮೇಲಕ್ಕೆತ್ತಿ ಕಟ್ಟಿದರೆ ಹಣೆಯ ಅಂಚಿನ ಕೂದಲು ಸವೆಯುತ್ತದೆ. ತಿಂಗಳುಗಟ್ಟಲೆ ಹೀಗೇ ಮಾಡಿದರೆ ಅಲ್ಲಿ ಮತ್ತೆ ಹುಟ್ಟದೆಯೂ ಹೋಗಬಹುದು. ನೆತ್ತಿ ನೋಯುತ್ತಿದ್ದರೆ ಸಡಿಲ ಮಾಡಿ. ಗುಳ್ಳೆ, ಕೀವು ಕಂಡರೆ ಚರ್ಮದ ಡಾಕ್ಟರನ್ನು ಕಾಣಿ. ಬೈಕ್ ಓಡಿಸುವವರು ಹೆಲ್ಮೆಟ್ ಸರಿಯಾಗಿ ಕೂರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

9. ಮಾತಿಗೆ ಉತ್ತರ ಸಿದ್ಧ ಇಟ್ಟುಕೊಳ್ಳಿ.
ಬಸ್ಸಿನಲ್ಲಿ ಪಕ್ಕದ ಅಜ್ಜಿ ಕೇಳಿಯೇ ಕೇಳುತ್ತಾಳೆ: ‘ಏನವಾ, ಜಡಿ ಬಂದಾವಲ್ಲ, ತಾಯಿ ಕರದಾಳೇನು?’ ಸಿಟ್ಟಾಗಬೇಡಿ. ‘ಇಲ್ಲ ಬೇ ಆಯಿ, ನಾನ ಆಸೆಪಟ್ಟು ಮಾಡಿಸ್ಕೊಂಡೀನಿ, ಬ್ಯಾಡಾದ್ರ ಕತ್ತರಿಸ್ತೀನಿ’ ಎನ್ನಿ. ಆ ಒಂದು ಮಾತು ಅಜ್ಜಿಯ ಮೊಮ್ಮಗಳಿಗೂ ಮುಟ್ಟುತ್ತದೆ. ಕೆಲಸದ ಕಡೆಯೂ ಯೋಚಿಸಿ. ಅಮೆರಿಕದ ಕ್ಯಾಲಿಫೋರ್ನಿಯಾ 2019ರಲ್ಲಿ, ಸಹಜ ಕೂದಲು ಮತ್ತು ಜಟೆಯ ಕಾರಣಕ್ಕೆ ಭೇದ ಮಾಡಬಾರದೆಂದು ಕಾನೂನನ್ನೇ ತಂದಿತು. ನಮ್ಮಲ್ಲಿ ಪೊಲೀಸ್, ಸೇನೆಯಂಥ ಕೆಲಸಗಳಲ್ಲಿ ಕೂದಲಿನ ನಿಯಮ ಬಿಗಿ. ಅರ್ಜಿ ಹಾಕುವ ಮುಂಚೆ ವಿಚಾರಿಸಿ.

ಗುಂಗುರು ಬಿಡಿ, ಡ್ರೆಡ್‌ಲಾಕ್ಸ್ ಹಾಕಿಸಿ, ಬೋಳಿಸಿ, ಅದು ನಿಮ್ಮಿಷ್ಟ. ಆದರೆ ನಿಮ್ಮ ಓಣಿಯಲ್ಲಿ ಯಾವ ಹುಡುಗಿಗಾದರೂ ಜಟೆ ಬಂದಿದೆ, ದೇವರಿಗೆ ಬಿಡುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸುಮ್ಮನಿರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ಫೋನ್ ಮಾಡಿ.