ಅನುದಾನ ಬಂದರೆ ಸಾಲದು, ಲೆಕ್ಕವೂ ಇರಬೇಕು



ಕಡಹಿನಬೈಲಿನ ಸುತ್ತಮುತ್ತ ರಾಸುಗಳಿಗೆ ಹಸಿರು ಮೇವು, ಕೊಟ್ಟಿಗೆಗೆ ಸೊಪ್ಪು, ಬೇಸಿಗೆಯಲ್ಲಿ ನೀರು ಇವೆಲ್ಲಕ್ಕೂ ಕಾಡು, ಹಳ್ಳ, ಕೆರೆಗಳೇ ಆಧಾರ. ಇವನ್ನು ಕಾಪಾಡಲು ಊರಿನ ಶ್ರಮದ ಜೊತೆಗೆ ಹಣವೂ ಬೇಕು. ಆ ಹಣ ಎಲ್ಲಿಂದ ಬರುತ್ತದೆ?

2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ, ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯಲ್ಲಿ, ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸಮಿತಿಯ ಕೆಲಸಕ್ಕಾಗಿ ಸ್ಥಳೀಯ ಜೀವವೈವಿಧ್ಯ ನಿಧಿಗೂ ಕಾಯಿದೆಯಲ್ಲಿ ಅವಕಾಶವಿದೆ. ಸರ್ಕಾರದ ಹಾಗೂ ಜೀವವೈವಿಧ್ಯ ಮಂಡಳಿಯ ಅನುದಾನ ಈ ನಿಧಿಗೆ ಸೇರಬಹುದು. ನಿಧಿಯನ್ನು ಊರಿನ ಜೀವವೈವಿಧ್ಯದ ರಕ್ಷಣೆಗೆ, ಊರ ಜನರ ಒಳಿತಿಗೆ ಬಳಸಬೇಕು. ಲೆಕ್ಕ ಪರಿಶೋಧನೆ ಕಡ್ಡಾಯ.

ಅನುದಾನ ಸಾಲವಲ್ಲ, ಸರಿಯಾಗಿ ಬಳಸಿದರೆ ಹಿಂದಿರುಗಿಸಬೇಕಿಲ್ಲ. ಆದರೆ ಕೆರೆಗೆಂದು ಬಂದ ಹಣವನ್ನು ರಸ್ತೆಗೆ ಹಾಕುವಂತಿಲ್ಲ. ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ಲೆಕ್ಕ ಒಪ್ಪಿಸದಿದ್ದರೆ ಎರಡನೆಯದು ನಿಲ್ಲುತ್ತದೆ. ನೆಟ್ಟ ಗಿಡ ಕಾವಲಿಲ್ಲದೆ ದನಗಳ ಪಾಲಾಗುತ್ತದೆ.

ಹೊನ್ನಾವರದ ಸ್ನೇಹಕುಂಜ ಟ್ರಸ್ಟ್ ನಾಲ್ಕು ದಶಕಗಳಿಂದ ಜನರನ್ನು ಕೂಡಿಸಿಕೊಂಡು ಘಟ್ಟ ಮತ್ತು ಕರಾವಳಿಯ ಜೌಗು ಪ್ರದೇಶಗಳನ್ನು ಕಾಪಾಡುತ್ತ ಬಂದಿದೆ. 2021ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು. ಒಂದು ಯೋಜನೆಯ ಹಣ ಮುಗಿಯುತ್ತದೆ. ಊರಿನವರು ಜೊತೆಗಿದ್ದರೆ ಕೆಲಸ ಮುಗಿಯುವುದಿಲ್ಲ.

ದಿನಕ್ಕೆರಡು ಹೊತ್ತು ಹಾಲಿನ ಅಳತೆ, ಫ್ಯಾಟು ಬರೆದಿಡುವ ಸಂಘದವರಿಗೆ ಲೆಕ್ಕ ಹೊಸದಲ್ಲ. ಆದ್ದರಿಂದ ನಿಮ್ಮ ಪಂಚಾಯಿತಿಯಲ್ಲಿ ಸಮಿತಿಯ ಸದಸ್ಯರು ಯಾರೆಂದು ವಿಚಾರಿಸಿ. ಗ್ರಾಮಸಭೆಯಲ್ಲಿ ಕೆರೆ, ಮೇವಿನ ಜಾಗಗಳ ಪಟ್ಟಿ ಮಂಡಿಸಿ. ರಸೀದಿ, ನಡಾವಳಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಈ ಮೂರೂ ಸರಿಯಾಗಿದ್ದರೆ ಮುಂದಿನ ಕಂತು ಕೇಳಲು ಅಂಜಬೇಕಿಲ್ಲ.