ಕರಿ ಅಕ್ಷರದ ಕತೆ

ಅಕ್ಕ, ನಮ್ಮ ಪುಸ್ತಕದ ‘ಅ’ ನೋಡಿ. ಗುಂಡಗೆ, ದೊಡ್ಡದಾಗಿ ಇದೆ. ಅದೇ ‘ಅ’ ಮದುವೆ ಕಾಗದದಲ್ಲಿ ಬಳ್ಳಿಯ ಹಾಗೆ ಬಳುಕುತ್ತದೆ. ಸಿನಿಮಾ ಪೋಸ್ಟರಿನಲ್ಲಿ ಬೆಂಕಿ ಹತ್ತಿದ ಹಾಗೆ ಕಾಣುತ್ತದೆ. ಕೆಲವು ಸಲ ಓದಲಿಕ್ಕೇ ಆಗೋದಿಲ್ಲ. ಕಲಿತದ್ದು ಮರೆತು ಹೋಯಿತೇನೋ ಅಂತ ನಾವು ಹೆದರುತ್ತೇವೆ. ಮರೆತಿಲ್ಲ. ಅಕ್ಷರ ವೇಷ ಹಾಕಿದೆ, ಅಷ್ಟೇ.

ಯುರೋಪಿನಲ್ಲಿ ಇಂಥ ಒಂದು ಹಳೆಯ ಅಕ್ಷರ ಉಂಟು. ಅದಕ್ಕೆ ಕರಿ ಅಕ್ಷರ ಅನ್ನುತ್ತಾರೆ. ಗಾಥಿಕ್ ಅಕ್ಷರ ಅಂತಲೂ ಹೆಸರಿದೆ. ಅಲ್ಲಿ ಮೊದಲು ಪುಸ್ತಕಗಳನ್ನು ಕೈಯಲ್ಲೇ ಬರೆಯುತ್ತಿದ್ದರು. ಹಕ್ಕಿಯ ಗರಿಯ ತುದಿಯನ್ನು ಅಗಲವಾಗಿ ಕತ್ತರಿಸಿ, ಮಸಿಯಲ್ಲಿ ಅದ್ದುವರು. ಮೇಲಿಂದ ಕೆಳಗೆ ಎಳೆದರೆ ಗೆರೆ ದಪ್ಪ. ಬರೆಯುತ್ತಿದ್ದುದು ಕರು, ಕುರಿಗಳ ಚರ್ಮದ ಹಾಳೆಯ ಮೇಲೆ. ಆ ಹಾಳೆ ತುಟ್ಟಿ. ಅದಕ್ಕೇ ಬೇಲಿಯ ಗೂಟದ ಹಾಗೆ ಅಕ್ಷರಗಳನ್ನು ಒತ್ತೊತ್ತಾಗಿ ನಿಲ್ಲಿಸಿದರು. ಪುಟವೆಲ್ಲ ಕಪ್ಪಾಗಿ ಕಾಣುತ್ತಿತ್ತು.

ಜರ್ಮನಿಯ ಮೈಂಜ್ ಊರಿನಲ್ಲಿ ಗುಟೆನ್‌ಬರ್ಗ್ ಎಂಬಾತ ಇದ್ದ. ಆತ ಸೀಸ ಬೆರೆತ ಲೋಹ ಕರಗಿಸಿ ಅಕ್ಷರದ ಮೊಳೆಗಳನ್ನು ಎರಕ ಹೊಯ್ದ. ಸುಮಾರು 1455ರಲ್ಲಿ ಬೈಬಲ್ ಅಚ್ಚು ಹಾಕಿದ. ಸುಮಾರು 180 ಪ್ರತಿ. ಜನರಿಗೆ ರೂಢಿ ಇದ್ದದ್ದು ಕೈಬರಹ. ಅಚ್ಚೂ ಹಾಗೇ ಕಾಣಬೇಕಲ್ಲ! ಅದಕ್ಕಾಗಿ ಆತ ಸುಮಾರು 290 ಬಗೆಯ ಮೊಳೆ ಮಾಡಿದ. ಅವರ ಅಕ್ಷರಮಾಲೆಯಲ್ಲಿ 30 ಅಕ್ಷರವೂ ಇಲ್ಲ. ಕಾಗುಣಿತ, ಒತ್ತಕ್ಷರ ಬಹಳವಾಯಿತು ಅಂತ ನಾವು ಗೊಣಗುತ್ತೇವೆ!

ಜರ್ಮನಿಯಲ್ಲಿ ಈ ಅಕ್ಷರ ಬಹಳ ಕಾಲ ಉಳಿಯಿತು. ಅದರಲ್ಲಿ ‘ಸ’ ಸದ್ದಿನ ಒಂದು ಅಕ್ಷರಕ್ಕೂ ‘ಫ’ ಸದ್ದಿನ ಅಕ್ಷರಕ್ಕೂ ಸಣ್ಣ ಅಡ್ಡಗೆರೆಯಷ್ಟೇ ವ್ಯತ್ಯಾಸ. ನಮ್ಮ ‘ಪ’ ಮತ್ತು ‘ಷ’ ಇದ್ದ ಹಾಗೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ಕನ್ನಡ ನಿಘಂಟು ಬರೆದ ಕಿಟೆಲ್ ಜರ್ಮನಿಯವರು. ಅವರ ಬಾಲ್ಯದಲ್ಲಿ ಅಲ್ಲಿನ ಪುಸ್ತಕಗಳು ಹೆಚ್ಚಾಗಿ ಕರಿ ಅಕ್ಷರದಲ್ಲೇ ಇರುತ್ತಿದ್ದವು.

1941ರ ಜನವರಿಯಲ್ಲಿ ಹಿಟ್ಲರನ ಸರ್ಕಾರ ಈ ಅಕ್ಷರ ಬೇಡ ಎಂದು ಆಜ್ಞೆ ಮಾಡಿತು. ಇವು ಯೆಹೂದಿಗಳ ಅಕ್ಷರ ಎಂದು ಕಾರಣ ಕೊಟ್ಟರು. ಅದು ಶುದ್ಧ ಸುಳ್ಳು. ಅದೇ ವರ್ಷ ಶಾಲೆಗಳಲ್ಲಿ ಹಳೆಯ ಕೈಬರಹವನ್ನೂ ನಿಲ್ಲಿಸಿದರು. ಮುಂದೆ ಏನಾಯಿತು? ಅಜ್ಜಿ ಬರೆದ ಕಾಗದ ಎಷ್ಟೋ ಮೊಮ್ಮಕ್ಕಳಿಗೆ ಓದಲು ಬಾರದಾಯಿತು. ಅಜ್ಜಿಯೂ ಓದು ಬಲ್ಲವಳು. ಮೊಮ್ಮಗಳೂ ಓದು ಬಲ್ಲವಳು. ಕಾಗದ ಮಾತ್ರ ಮೂಕ.

ಈಗ ಕರಿ ಅಕ್ಷರ ಹೆಸರಿಗೆ, ತಲೆಬರಹಕ್ಕೆ ಮಾತ್ರ. ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ತನ್ನ ಹೆಸರನ್ನು ಇದರಲ್ಲಿ ಹಾಕುತ್ತದೆ. ಒಳಗಿನ ಸುದ್ದಿಯೆಲ್ಲ ಸಾದಾ ಅಕ್ಷರ. ಪದವಿ ಪತ್ರಗಳಲ್ಲೂ ಇದು ಕಾಣುತ್ತದೆ. ನಮಗಂತೂ ಇದೇ ಸರಿ ಅನ್ನಿಸುತ್ತದೆ. ಹೆಸರಿಗೆ ಅಲಂಕಾರ ಇರಲಿ. ಔಷಧದ ಚೀಟಿ, ಬಸ್ಸಿನ ಬೋರ್ಡು, ಸಾಲದ ಪತ್ರ ಸಾದಾ ಇರಬೇಕು. ಸಾಲದ ಪತ್ರದ ಅಕ್ಷರ ತಿಳಿಯದಿದ್ದರೆ, “ಬಿಡಿಸಿ ಬರೆದುಕೊಡಿ, ಆಮೇಲೆ ಸಹಿ ಹಾಕ್ತೀನಿ” ಅಂತ ಕೇಳಿ. ಕೇಳಲು ನಾಚಿಕೆ ಬೇಡ.

ಸಂತೆಗೆ ಹೋದಾಗ ಅಂಗಡಿ ಬೋರ್ಡುಗಳನ್ನು ನೋಡಿ. ಓದಲು ತೊಡಕಾದ ಒಂದು ಹೆಸರು ಆರಿಸಿ. ಮನೆಗೆ ಬಂದು ಅದನ್ನು ಪಾಟಿಯ ಮೇಲೆ ಗುಂಡಗೆ ಬರೆಯಿರಿ.